ಈ ಮನೆಗೆ ಎಷ್ಟು ಮಂದಿ ಉಮೇದುವಾರರು?

ಸುಡೋಕು ಅಂದರೆ ಮೂಗು ಮುರಿಯುವವರು ನಮ್ಮ ಮನೆಯಲ್ಲೇ ಇದ್ದಾರೆ. "ಒಂದರಿಂದ ಒಂಬತ್ತು ಬರೆಯೋಕೆ ಇಷ್ಟು ಹೊತ್ತು ಬೇಕಾ?" ಅನ್ನುವುದು ನನ್ನಾಕೆಯ ಖಾಯಂ ಪ್ರಶ್ನೆ. ಅವಳಿಗೆ ಹೇಗೆ ಹೇಳೋದು? ಡೊಂಬಿವಲಿಯಿಂದ ವಿ.ಟಿ.ಗೆ (ನಮ್ಮಂಥ ಹಳಬರಿಗೆ ಅದು ಇನ್ನೂ ವಿ.ಟಿ.ಯೇ) ಸ್ಲೋ ಲೋಕಲ್‌ನಲ್ಲಿ ಒಂದೂಕಾಲು ಗಂಟೆ ಕೂರುವ ಮನುಷ್ಯನಿಗೆ ಇಸ್ಪೀಟು, ಭಜನೆ, ನಿದ್ದೆ, ಜಗಳ ಬಿಟ್ಟರೆ ಇದ್ದದ್ದು ಪೇಪರಿನ ಮೂಲೆಯ ಈ ಚೌಕ. 2005-06ರ ಹೊತ್ತಿಗೆ ಇಲ್ಲಿಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಅದು ಬರತೊಡಗಿತ್ತು. ಕುರ್ಲಾ ಬರುವಷ್ಟರಲ್ಲಿ ಮುಗಿಸಬೇಕು ಅನ್ನೋದು ನಮ್ಮ ಬೋಗಿಯ ಪಂಥ. ಒಬ್ಬ ಗುಜರಾತಿ ಕಾಕಾ ಬಾಲ್‌ಪೆನ್ನಿನಲ್ಲೇ ತುಂಬುತ್ತಿದ್ದರು. ಪೆನ್ಸಿಲ್ ಹಿಡಿದವರನ್ನು ಕಂಡರೆ ಅವರಿಗೆ ಕನಿಕರ.

ಹೆಸರು ಜಪಾನಿನದು, ಹುಟ್ಟು ಅಮೆರಿಕದ್ದು. ಇಂಡಿಯಾನಾದ ಹೋವರ್ಡ್ ಗಾರ್ನ್ಸ್ ಎಂಬ ನಿವೃತ್ತ ವಾಸ್ತುಶಿಲ್ಪಿ ಮಾಡಿದ ಆಟ 1979ರಲ್ಲಿ ಡೆಲ್ ಕಂಪನಿಯ ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಅಂತ ಬಂತು. 1984ರಲ್ಲಿ ಜಪಾನಿನ ನಿಕೋಲಿ ಅದನ್ನು ಎತ್ತಿಕೊಂಡು ಹೊಸ ಹೆಸರಿಟ್ಟಿತು. ಹಾಂಗ್‌ಕಾಂಗಿನಲ್ಲಿ ನ್ಯಾಯಾಧೀಶರಾಗಿದ್ದ ನ್ಯೂಜಿಲೆಂಡಿನ ವೇಯ್ನ್ ಗೌಲ್ಡ್ 1997ರಲ್ಲಿ ಟೋಕಿಯೋದ ಪುಸ್ತಕದಂಗಡಿಯಲ್ಲಿ ಇದನ್ನು ಕಂಡು, ಆರು ವರ್ಷ ಕೂತು ಸುಡೋಕು ತಯಾರಿಸುವ ಪ್ರೋಗ್ರಾಂ ಬರೆದರು. 2004ರ ನವೆಂಬರಿನಲ್ಲಿ ಲಂಡನ್ನಿನ 'ದಿ ಟೈಮ್ಸ್' ಅವರ ಸುಡೋಕು ಹಾಕಿದ ಮೇಲೆ ಇಡೀ ಜಗತ್ತಿಗೆ ಅಂಟುಜಾಡ್ಯ. ಅಂದರೆ, ಗಾರ್ನ್ಸ್ ತೀರಿಕೊಂಡು ಹದಿನೈದು ವರ್ಷವಾದ ಮೇಲೆ! ಪಾಪ, ತನ್ನ ಕೂಸು ಲೋಕ ಸುತ್ತಿದ್ದು ಆ ಮನುಷ್ಯನಿಗೆ ಗೊತ್ತೇ ಆಗಲಿಲ್ಲ.

ಆದರೆ ನನಗೆ ಸುಡೋಕುವಿನ ನಿಜವಾದ ಜೊತೆ ರೈಲಿನವರಲ್ಲ, ಧಾರವಾಡದ ನಮ್ಮಕ್ಕ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ನಾನು ದಾದರಿನಲ್ಲಿ ಒಂದೇ ಪುಸ್ತಕದ ಎರಡು ಪ್ರತಿ ಕೊಂಡು, ಒಂದನ್ನು ಅವಳಿಗೆ ಕೊರಿಯರ್ ಮಾಡುತ್ತಿದ್ದೆ. ರಾತ್ರಿ ಒಂಬತ್ತಕ್ಕೆ ಫೋನು. "ತಮ್ಮಾ, ಎಂಬತ್ತೇಳನೇದು ಆತೇನೋ?" "ಇಲ್ಲಕ್ಕಾ, ಕೆಳಗಿನ ಮೂಲ್ಯಾಗ ಸಿಕ್ಕೊಂಡೇನಿ." "ಐದನೇ ಸಾಲಿನ ಆರನೇ ಮನಿ ನೋಡು. ಅಲ್ಲೆ ಇಬ್ಬರೇ ಉಮೇದುವಾರರು ಇದ್ದಾರ." ಒಂದು ಮನೆಯಲ್ಲಿ ಕೂರಬಹುದಾದ ಅಂಕಿಗಳನ್ನು ಪುಸ್ತಕದಲ್ಲಿ ಕ್ಯಾಂಡಿಡೇಟ್ ಅಂದಿದ್ದರು. ಅಕ್ಕ ಅದನ್ನು ಮೊದಲ ದಿನವೇ ಉಮೇದುವಾರರನ್ನಾಗಿ ಮಾಡಿಬಿಟ್ಟಳು. ಒಬ್ಬನೇ ಉಳಿದರೆ 'ಅವಿರೋಧ ಆಯ್ಕೆ'. ಎಕ್ಸ್-ವಿಂಗ್ ಎಂಬ ಪಟ್ಟು ಅವಳ ಬಾಯಲ್ಲಿ 'ಕತ್ತರಿ'. ಎರಡನೇ ಸಾಲಿನಲ್ಲಿ 4ಕ್ಕೆ ಎರಡೇ ಮನೆ ಅನ್ನಿ, ಮೂರನೆಯದು ಮತ್ತು ಏಳನೆಯದು. ಎಂಟನೇ ಸಾಲಿನಲ್ಲೂ ಅವೇ ಎರಡು. ಅಲ್ಲಿಗೆ ಮೂರನೇ ಕಂಬದ 4, ಏಳನೇ ಕಂಬದ 4 ಎರಡೂ ಈ ಎರಡು ಸಾಲುಗಳಲ್ಲೇ ಮುಗಿದವು. ಆ ಕಂಬಗಳಲ್ಲಿ ಬೇರೆಲ್ಲಾದರೂ 4 ಅಂತ ಸಣ್ಣಗೆ ಬರೆದಿದ್ದರೆ ಅಳಿಸಿಬಿಡಿ. ಇದನ್ನು ಅವಳು ಫೋನಿನಲ್ಲೇ, ಹಲಗೆಯಿಲ್ಲದೆ ನನಗೆ ಕಲಿಸಿದಳು ಅಂದರೆ ಎಂಥ ಮಾಸ್ತರಿಣಿ ಇರಬೇಕು ನೋಡಿ.

ನಾನು ನಿವೃತ್ತನಾದದ್ದು 2012ರಲ್ಲಿ. ಆಗ ಕೈಹಾಕಿದ್ದು 'ಎಐ ಎಸ್ಕಾರ್ಗೋ' ಎಂಬ ಕುಖ್ಯಾತ ಸುಡೋಕುವಿಗೆ. ಫಿನ್‌ಲೆಂಡಿನ ಗಣಿತಜ್ಞ ಆರ್ಟೊ ಇಂಕಾಲಾ 2006ರಲ್ಲಿ ಮಾಡಿದ್ದು. (ಎಐ ಅಂದರೆ ಅವರ ಹೆಸರಿನ ಮೊದಲಕ್ಷರಗಳು. ಈಗ ಎಲ್ಲರ ಬಾಯಲ್ಲಿರುವ ಎಐ ಅಲ್ಲ ಮಾರಾಯ್ರೆ!) ಎಸ್ಕಾರ್ಗೋ ಅಂದರೆ ಬಸವನಹುಳು. ಕೊಟ್ಟಿರುವ ಅಂಕಿಗಳು 23. ಕೆಳಗಿನ ಎಡಚೌಕದ 1 ತಾನಾಗಿಯೇ ಬಂದು ಕೂರುತ್ತದೆ. ಅಬ್ಬಾ, ಇಷ್ಟೇನಾ ಅಂದುಕೊಂಡರೆ ಅಲ್ಲಿಂದಾಚೆ ಗೋಡೆ. ಕತ್ತರಿಯೂ ನಡೆಯಲ್ಲ, ಜೋಡಿಯೂ ನಡೆಯಲ್ಲ.

ಆಗ ಉಳಿಯುವುದು ಒಂದೇ ದಾರಿ: 'ಹೀಗಿದ್ದರೆ ಏನಾಗುತ್ತೆ' ಅಂತ ಹೋಗಿ ನೋಡುವುದು. ಮೇಲಿನ ಬಲಚೌಕದಲ್ಲಿ 2ಕ್ಕೆ ಎರಡೇ ಮನೆ. ಮೊದಲ ಸಾಲಿನ ಏಳನೆಯದು, ಇಲ್ಲವೇ ಮೂರನೇ ಸಾಲಿನ ಎಂಟನೆಯದು. ಒಂದರಲ್ಲಿ ಇಟ್ಟು ಹೊರಟರೆ ಸ್ವಲ್ಪ ದೂರದಲ್ಲಿ ಮತ್ತೆ ಕವಲು. ಅಲ್ಲಿ ಇನ್ನೊಂದನ್ನು ಹಿಡಿದರೆ ಮುಂದೆ ಮತ್ತೊಂದು. ಎಲ್ಲೋ ಒಂದು ಕಡೆ ಒಂದೇ ಸಾಲಿನಲ್ಲಿ ಎರಡು 6 ಬಂದು ಕೂತರೆ ಆ ದಾರಿ ಸುಳ್ಳು, ಹಿಂದಿರುಗಬೇಕು. ಪ್ರತಿ ಕವಲಿಗೂ ನಾನು ಒಂದೊಂದು ಝೆರಾಕ್ಸ್ ಮಾಡಿಸುತ್ತಿದ್ದೆ. ಕೆಳಗಿನ ಅಂಗಡಿಯ ಹುಡುಗ, "ಅಂಕಲ್, ಕೋರ್ಟ್ ಕೇಸಾ?" ಅಂತ ಕೇಳಿದ. ಹನ್ನೊಂದು ದಿನವಾಯಿತು. 2 ಕಡೆಗೂ ಮೂರನೇ ಸಾಲಿನ ಎಂಟನೇ ಮನೆಯಲ್ಲೇ ನಿಂತಿತು.

ಪುಣೆಯಲ್ಲಿ ಸಾಫ್ಟ್‌ವೇರಿನಲ್ಲಿರುವ ಮಗ ಶನಿವಾರ ಬಂದವನು ಆ ಝೆರಾಕ್ಸ್ ಗುಡ್ಡೆ ನೋಡಿ ನಕ್ಕ. "ಅಪ್ಪ, ಕಂಪ್ಯೂಟರ್ ಮಾಡೋದೂ ಇದನ್ನೇ. ಇದಕ್ಕೆ ಸ್ಟ್ಯಾಕ್ ಅಂತಾರೆ." ಭಾನುವಾರ ಸಂಜೆಯೊಳಗೆ ಒಂದು ಪ್ರೋಗ್ರಾಂ ಬರೆದ. ಎಸ್ಕಾರ್ಗೋ ಕೊಟ್ಟರೆ ಎಂಟರ್ ಒತ್ತಿ ಬೆರಳು ಎತ್ತುವುದರೊಳಗೆ ಉತ್ತರ! ಅವನು ವಿವರಿಸಿದ್ದು ಇಷ್ಟು. ಪ್ರತಿ ಮನೆಗೆ ಒಂದು ಅಂಕಿ, ಪ್ರತಿ ಸಾಲಿಗೆ, ಪ್ರತಿ ಕಂಬಕ್ಕೆ, ಪ್ರತಿ ಚೌಕಕ್ಕೆ ಒಂದೊಂದು ಅಂಕಿ ಒಮ್ಮೆ. ತಲಾ 81ರಂತೆ ಒಟ್ಟು 324 ಷರತ್ತು. 81 ಮನೆ, 9 ಅಂಕಿ, ಹೀಗೆ ಇಡಬಹುದಾದ ಬಗೆಗಳು 729. ಆ 729ರಲ್ಲಿ 81ನ್ನು ಆರಿಸಿ 324 ಷರತ್ತುಗಳನ್ನೂ ಸರಿಯಾಗಿ ಒಮ್ಮೊಮ್ಮೆ ತೀರಿಸಬೇಕು. ಡೊನಾಲ್ಡ್ ಕ್ನೂತ್ 2000ದಲ್ಲಿ 'ಡ್ಯಾನ್ಸಿಂಗ್ ಲಿಂಕ್ಸ್' ಎಂಬ ಲೇಖನದಲ್ಲಿ ಇಂಥ ಲೆಕ್ಕಕ್ಕೆ ಚಂದದ ಉಪಾಯ ಕೊಟ್ಟಿದ್ದಾರಂತೆ. ಅಳಿಸಿದ ಕೊಂಡಿಯನ್ನು ಮತ್ತೆ ಅದೇ ಜಾಗಕ್ಕೆ ಸಲೀಸಾಗಿ ಸೇರಿಸುವ ಉಪಾಯ. ನನ್ನ ಕೈಯ ರಬ್ಬರು ಅಂದುಕೊಳ್ಳಿ.

ಕೆಲವರು 'ಹಾಗಿದ್ದರೆ ಹೀಗೆ' ಅಂತ ಹೋಗುವುದನ್ನು ಊಹೆ ಅಂತ ಹೀಗಳೆಯುತ್ತಾರೆ. ನಮ್ಮ ಕಾಕಾ ಕೂಡ ಹಾಗೇ. ನಾನು ಒಪ್ಪಲ್ಲ. ಸುಳ್ಳು ದಾರಿಯನ್ನು ಕೊನೆಯವರೆಗೆ ಹೋಗಿ, ಸುಳ್ಳು ಅಂತ ತೋರಿಸಿ ಬಂದರೆ ಅದು ಊಹೆ ಹೇಗಾದೀತು? ನಾವು ಶಾಲೆಯ ರೇಖಾಗಣಿತದಲ್ಲಿ ಮಾಡಿದ್ದೂ ಅದೇ ತಾನೆ? ಎರಡರಲ್ಲಿ ಒಂದನ್ನು ಇಟ್ಟು, ಅದೃಷ್ಟಕ್ಕೆ ಸರಿಹೋಗಿ, ಇನ್ನೊಂದನ್ನು ನೋಡದೆ ಎದ್ದುಹೋದರೆ ಅದು ಬೇರೆ ಮಾತು.

2017ರಲ್ಲಿ ವಿಶ್ವ ಸುಡೋಕು ಸ್ಪರ್ಧೆ ಬೆಂಗಳೂರಿನಲ್ಲಿ ನಡೆಯಿತು. (2008ರದ್ದು ಗೋವಾದಲ್ಲಿ ಆಗಿತ್ತು.) ಇಬ್ಬರೂ ಹೋಗಿ ನೋಡಿ ಬರೋಣವೇ ಅಂತ ಕೇಳಲು ಅಕ್ಕನಿಗೆ ಫೋನ್ ಮಾಡಿದೆ. ಮಾತಿನ ನಡುವೆ ಆ ದಿನದ ಸುಡೋಕು ಓದಿ ಹೇಳಿದಳು. ನಾಲ್ಕನೇ ಸಾಲಿನಲ್ಲಿ ಎರಡು 7. ಹೇಳಿದೆ. "ಹೌದಲ್ಲಾ" ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಓದಿದಳು, ಮತ್ತೆ ಎರಡು 7. ಆಚೆ ಕಡೆ ಭಾವ ಏನೂ ಮಾತಾಡಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು. ಬೆಂಗಳೂರಿಗೆ ಹೋಗಲಿಲ್ಲ.

ಮರೆವಿನ ಕಾಯಿಲೆ ಅಂತ ಡಾಕ್ಟರು ಹೇಳಿದ ಮೇಲೆ ನೆಂಟರಿಷ್ಟರ ಒಂದೇ ಮಾತು: "ದಿನಾ ಸುಡೋಕು ಮಾಡತಿದ್ದಳಲ್ಲಾ, ಅಕಿಗೆ ಹೆಂಗ ಬಂತು?" ನನಗೆ ಇದು ಸಿಟ್ಟು ತರಿಸುತ್ತಿತ್ತು, ಅವಳು ಸರಿಯಾಗಿ ಮಾಡಲಿಲ್ಲವೇನೋ ಅನ್ನುವ ಹಾಗೆ. 2018ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನವರ ಒಂದು ಅಧ್ಯಯನ ಬಂತು. 1936ರಲ್ಲಿ ಹುಟ್ಟಿದ, ಹನ್ನೊಂದನೇ ವಯಸ್ಸಿನಲ್ಲಿ ಬುದ್ಧಿಪರೀಕ್ಷೆ ಬರೆದಿದ್ದ 498 ಜನರನ್ನು ಇಳಿವಯಸ್ಸಿನಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದ್ದರು. ಜೀವನವಿಡೀ ತಲೆಗೆ ಕೆಲಸ ಕೊಟ್ಟವರು ಇಳಿಯಲು ಶುರುಮಾಡುವುದು ಎತ್ತರದಿಂದ. ಆದರೆ ಇಳಿಯುವ ವೇಗ ಅದರಿಂದ ಕಡಿಮೆಯಾಗುವುದಿಲ್ಲ. ಅಷ್ಟು ಓದಿ ನನಗೆ ನೆಮ್ಮದಿಯೇ ಆಯಿತು. ಅಕ್ಕ ಹತ್ತಿದ್ದ ಎತ್ತರ ನಾನು ಬಲ್ಲೆ.

ಪುಸ್ತಕದ ಸುಡೋಕು ಅವಳಿಗೆ ಕಷ್ಟವಾಗತೊಡಗಿತು. 'ಸುಲಭ' ಅಂತ ಬರೆದದ್ದರಲ್ಲೂ ಮೂವತ್ತು-ಮೂವತ್ತೈದು ಅಂಕಿ ಕೊಟ್ಟಿರುತ್ತಾರೆ, ಉಳಿದದ್ದೆಲ್ಲ ಖಾಲಿ. ಆಗ ಮಗನ ಪ್ರೋಗ್ರಾಂ ತೆಗೆದೆವು. ಬಿಡಿಸುವ ಯಂತ್ರವೇ ಕಟ್ಟುವುದಕ್ಕೂ ಬರುತ್ತದೆ. ತುಂಬಿದ ಚೌಕದಿಂದ ಒಂದೊಂದೇ ಅಂಕಿ ತೆಗೆಯುತ್ತಾ, ಪ್ರತಿ ಸಲವೂ ಉತ್ತರ ಒಂದೇ ಉಳಿದಿದೆಯೇ ಅಂತ ಅದನ್ನೇ ಕೇಳುವುದು. ಎರಡು ಉತ್ತರ ಬಂದರೆ ತೆಗೆದದ್ದನ್ನು ವಾಪಸ್ಸು ಇಡುವುದು. ಲೋಕದ ಸುಡೋಕು ಪ್ರಿಯರೆಲ್ಲ ಎಷ್ಟು ಕಡಿಮೆ ಅಂಕಿ ಸಾಕು ಅಂತ ಹುಡುಕಿದವರು. 17ಕ್ಕಿಂತ ಕಡಿಮೆಯಲ್ಲಿ ಸಾಧ್ಯವಿಲ್ಲ ಅಂತ 2012ರಲ್ಲಿ ಡಬ್ಲಿನ್ನಿನ ಗ್ಯಾರಿ ಮೆಗ್ವಾಯರ್ ತಂಡದವರು ಕಂಪ್ಯೂಟರಿನಿಂದ ತೋರಿಸಿದರು. ನಾನು ಹೊರಟದ್ದು ಉಲ್ಟಾ ದಿಕ್ಕಿಗೆ. 45 ಅಂಕಿ, ಆಮೇಲೆ 50, ಆಮೇಲೆ 60. ಪುಟಕ್ಕೆ ಒಂದೇ, ದಪ್ಪ ಅಕ್ಷರ. ಒಂದೊಂದು ಮನೆಗೂ ಅವಿರೋಧ ಆಯ್ಕೆಯೇ ಬರುವ ಹಾಗೆ.

ಎರಡು ವರ್ಷದ ಹಿಂದೆ ಒಂಬತ್ತೂ ಹೆಚ್ಚಾಯಿತು. ಮಗ 9 ಇದ್ದಲ್ಲಿ 4 ಮಾಡಿಕೊಟ್ಟ. ನಾಲ್ಕು ಸಾಲು, ನಾಲ್ಕು ಕಂಬ. ದೊಡ್ಡ ಸುಡೋಕುವಿನಲ್ಲಿ ತುಂಬಿದ ಚೌಕಗಳ ಒಟ್ಟು ಸಂಖ್ಯೆ ಬರೆಯಲು 22 ಅಂಕಿ ಬೇಕು. ಈ ಪುಟ್ಟದರಲ್ಲಿ ಒಟ್ಟು 288, ಅಷ್ಟೇ. ಹಾಗಾಗಿ ಎಲ್ಲವನ್ನೂ ಅಚ್ಚು ಹಾಕಿಬಿಟ್ಟೆ. ಪ್ರತಿಯೊಂದರಲ್ಲೂ ಎರಡೋ ಮೂರೋ ಮನೆ ಖಾಲಿ. ಎರಡು ಪ್ರತಿ, ಸ್ಪೈರಲ್ ಬೈಂಡಿಂಗ್, ಒಂದು ಧಾರವಾಡಕ್ಕೆ.

ಫೋನು ಈಗಲೂ ಒಂಬತ್ತಕ್ಕೇ, ಭಾವ ಹಚ್ಚಿ ಕೊಡುತ್ತಾರೆ. ನನ್ನ ಹೆಸರು ಕೆಲವು ದಿನ ಇರುತ್ತೆ, ಕೆಲವು ದಿನ ಇರಲ್ಲ. ಮೊನ್ನೆ 112ನೆಯದು. ಬಹಳ ಹೊತ್ತು ಸುಮ್ಮನಿದ್ದಳು. ಪೆನ್ಸಿಲ್ ಕಾಗದಕ್ಕೆ ತಾಗುವ ಸದ್ದು. ಆಮೇಲೆ "ಮೂರು" ಅಂದಳು. ಸರಿಯಾಗಿತ್ತು. ನಾನು ಇಲ್ಲಿ ನನ್ನ ಪ್ರತಿಯಲ್ಲಿ 3 ಬರೆದೆ. ಅವಳ ಪುಸ್ತಕದ ಹಾಳೆ ಹರಿದು ಹೋಗುತ್ತಿವೆಯಂತೆ, ಭಾವ ಹೇಳಿದರು. ಮುಂದಿನ ವಾರ ಹೊರಟಿದ್ದೇನೆ. ಅಷ್ಟರಲ್ಲಿ ಪ್ರಿಂಟರಿಗೆ ಶಾಯಿ ತುಂಬಿಸಿ, ದಪ್ಪ ಕಾಗದದ ಮೇಲೆ ಇನ್ನೊಂದು ಪ್ರತಿ ತೆಗೆಯಬೇಕು.