ಬಾಣಂತಿಯ ಕೋಣೆಯ ಕೆಂಡ

ಮೂವತ್ತು ವರ್ಷಗಳ ಹಿಂದಿನ ಮಾತು. ಚೊಚ್ಚಲ ಬಾಣಂತಿಯಾಗಿ ನಾನು ಮಲೆನಾಡಿನ ತವರುಮನೆಯಲ್ಲಿದ್ದೆನು. ಆಷಾಢದ ಜಡಿಮಳೆ. ಶೀತಗಾಳಿ ಸೋಂಕೀತೆಂದು ಕಿಟಕಿ ಬಾಗಿಲುಗಳನ್ನು ಮುಚ್ಚಿ, ಸಂದುಗಳಿಗೆ ಹಳೆಯ ಬಟ್ಟೆ ತುರುಕಿ, ಮಂಚದ ಬಳಿ ಅಗ್ಗಿಷ್ಟಿಕೆಯ ತುಂಬ ಇದ್ದಲ ಕೆಂಡವನ್ನಿಟ್ಟಿದ್ದರು. ಹೊಗೆಯಿಲ್ಲದ ಕೆಂಡದಿಂದ ಅಪಾಯವಿಲ್ಲವೆಂಬುದು ಎಲ್ಲರ ನಂಬುಗೆ.

ಮೊದಲು ತಲೆ ಸಿಡಿಯತೊಡಗಿತು. ತರುವಾಯ ಆ ನೋವೂ ದೂರ ಸರಿದು, ಮನಸ್ಸಿಗೆ ಏನೋ ಒಂದು ನೆಮ್ಮದಿಯುಂಟಾಯಿತು. ಪಕ್ಕದಲ್ಲಿ ಕೂಸು ಸಣ್ಣಗೆ ನರಳಿದುದು ಕೇಳಿಸಿತು. ಎದ್ದು ಬಾಗಿಲು ತೆರೆಯಬೇಕೆಂದು ತೋರಿತು. ಆದರೆ ಅದು ಯಾರದೋ ಮನೆಯ ಕೆಲಸವೆಂಬಂತಿತ್ತು. “ಆಮೇಲೆ ಎದ್ದರಾಯಿತು” ಎಂದುಕೊಂಡೆನು. ಕಷಾಯ ತಂದ ಅಜ್ಜಿಯು ನನ್ನ ಮುಖವನ್ನು ನೋಡಿದವಳೇ ಬಟ್ಟಲನ್ನು ಅಲ್ಲಿಯೇ ಬಿಟ್ಟು, ಕೂಸನ್ನೆತ್ತಿಕೊಂಡು ಜಗಲಿಗೆ ಓಡಿದಳು. ಅಣ್ಣನು ನನ್ನನ್ನು ಹೊರಕ್ಕೆ ಎಳೆದು ತಂದನು. ಬಹಳ ಹೊತ್ತಿನ ಮೇಲೆ ಕೂಸು ಬಾಯಿತುಂಬ ಅತ್ತಿತು.

ಹೆತ್ತ ಕೂಸು ನರಳುತ್ತಿರಲು ಸುಖವಾಗಿ ಮಲಗಿದ್ದ ನಾನೆಂಥ ತಾಯಿಯೆಂದು ಬಹುಕಾಲ ನನ್ನನ್ನು ನಾನೇ ಹಳಿದುಕೊಂಡೆನು. ಮುಂದೆ ಶರೀರಶಾಸ್ತ್ರದ ಪುಸ್ತಕಗಳನ್ನೋದಿದಾಗಲೇ ನಿಜವು ತಿಳಿದುದು.

ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅಂಟಿಕೊಳ್ಳುತ್ತದೆ. ಆಗ ಮೊದಲು ಸೊರಗುವುದು ಮಿದುಳು. ದೇಹದ ತೂಕದಲ್ಲಿ ಐವತ್ತರಲ್ಲೊಂದು ಪಾಲಾಗಿರುವ ಇದು, ದೇಹವು ಬಳಸುವ ಆಮ್ಲಜನಕದಲ್ಲಿ ಐದರಲ್ಲೊಂದು ಪಾಲನ್ನು ಬೇಡುತ್ತದೆ. ನಾಳೆಗೆಂದು ಏನನ್ನೂ ಕೂಡಿಡುವುದಿಲ್ಲ. ಆಮ್ಲಜನಕವಿದ್ದರೆ ಗ್ಲೂಕೋಸಿನ ಒಂದು ಅಣುವಿನಿಂದ ಜೀವಕೋಶವು ಶಕ್ತಿಯ ನಾಣ್ಯವೆನಿಸುವ ಎ.ಟಿ.ಪಿ.ಯ ಸುಮಾರು 30 ಅಣುಗಳನ್ನು ಗಳಿಸುತ್ತದೆ. ಇಲ್ಲದಿದ್ದರೆ ಕೇವಲ 2, ಮೇಲೆ ಆಮ್ಲದ ಹೊರೆ. ಕೊರತೆಯು ಅಲ್ಪವಾಗಿರುವಾಗ ಕೋಶಗಳು ಸಾಯುವುದಿಲ್ಲ. ಅವುಗಳ ಪರಸ್ಪರ ಸಂದೇಶವು ಕುಂದಿ, ವಿವೇಕವು ಮಂಕಾಗುತ್ತದೆ. ಕೊರತೆಯು ಬೆಳೆದರೆ ಉಪ್ಪಿನಂಶವನ್ನು ಹೊರದೂಡುವ ಕೋಶದ ಯಂತ್ರಗಳು ನಿಲ್ಲುತ್ತವೆ. ಉಪ್ಪೂ ನೀರೂ ಒಳನುಗ್ಗಿ ಕೋಶವು ಊದಿಕೊಳ್ಳುತ್ತದೆ. ರಕ್ತವೇ ಪೂರ್ಣವಾಗಿ ನಿಂತರಂತೂ ಹತ್ತು ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕೈದು ನಿಮಿಷಗಳಲ್ಲಿ ತಿರುಗಿ ಬಾರದ ಹಾನಿಯು ಮೊದಲಾಗುತ್ತದೆ.

ಉಸಿರು ಕಟ್ಟಿದಾಗಿನ ಸಂಕಟವು ಏಕೆ ನನ್ನನ್ನು ಎಚ್ಚರಿಸಲಿಲ್ಲ? ಆ ಸಂಕಟವು ಬಹುಮಟ್ಟಿಗೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚುವುದರಿಂದ ಬರುವುದು; ಆಮ್ಲಜನಕದ ಕೊರತೆಯು ಸದ್ದಿಲ್ಲದೆ ಬರುತ್ತದೆ. 1875ರ ಏಪ್ರಿಲ್ 15ರಂದು ಫ್ರಾನ್ಸಿನಲ್ಲಿ ‘ಜೆನಿತ್’ ಎಂಬ ಬಲೂನಿನಲ್ಲಿ ಮೂವರು 8,000 ಮೀಟರುಗಳಿಗೂ ಮೇಲೇರಿದರು. ಅವರ ಬಳಿಯಲ್ಲಿಯೇ ಆಮ್ಲಜನಕದ ಚೀಲಗಳಿದ್ದವು. ಬದುಕಿ ಬಂದವನು ಗಾಸ್ತೋನ್ ತಿಸಾಂದಿಯೆ ಒಬ್ಬನೇ. ನಳಿಗೆಯನ್ನು ಹಿಡಿಯಲು ಕೈಯೆತ್ತಲಾಗಲಿಲ್ಲವೆಂದೂ, ನೋವಿರಲಿಲ್ಲವೆಂದೂ, ಒಳಗೊಂದು ಆನಂದವಿದ್ದಿತೆಂದೂ ಅವನು ಬರೆದನು. ಅದನ್ನೋದಿದ ದಿನ ನನ್ನ ಮೇಲಿನ ನನ್ನ ಕೋಪವು ಇಳಿಯಿತು. ಮನೆಗೆ ಕಳ್ಳನು ನುಗ್ಗಿದಾಗ ಕೂಗಬೇಕಾದ ಕಾವಲುಗಾರನಿಗೇ ಮೊದಲು ಮದ್ದಿಕ್ಕಿದಂತಾಗಿತ್ತು.

ಆ ಕೂಸೇ ಈಗ ನಮ್ಮ ಮನೆಯಲ್ಲಿ ಬಾಣಂತಿ. ಕೆಂಡವಿಲ್ಲದೆ ಬಾಣಂತನವುಂಟೇ ಎಂದು ನೆರೆಯವರು ಕೇಳುತ್ತಾರೆ. ಇನ್ನೊಂದು ಕಂಬಳಿಯನ್ನು ಹೊದಿಸುತ್ತೇನೆ. ಕೆಂಡವನ್ನು ಮಾತ್ರ ಮಲಗುವ ಕೋಣೆಗೆ ತರಗೊಡೆನು. ಸೋದರಿಯರೇ, ಬೆಂಕಿಯಿರುವ ಮನೆಯಲ್ಲಿ ಕಾರಣವಿಲ್ಲದೆ ತಲೆ ಭಾರವಾದರೆ, ಯೋಚಿಸುತ್ತ ಕೂಡಬೇಡಿರಿ. ಮೊದಲು ಮಕ್ಕಳೊಡನೆ ಹೊರಗೆ ಬನ್ನಿರಿ. ಆಗ ಯೋಚಿಸಬೇಕಾದ ಮಿದುಳೇ ನಮ್ಮ ಕೈಬಿಟ್ಟಿರಬಹುದು.