ನೀಲಾಂಜನೆಯ ನೃತ್ಯ ಮತ್ತು ಬೂಮ್‌ನ ಬಯಲು

ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಿಂದ ದಕ್ಷಿಣಕ್ಕೆ, ರೂಪೆಲ್ ನದಿಯ ದಂಡೆಯ ಮೇಲೆ, ಬೂಮ್ ಎಂಬ ಚಿಕ್ಕ ಪಟ್ಟಣವಿದೆ. ಒಂದು ಕಾಲಕ್ಕೆ ಆ ಸೀಮೆಯೆಲ್ಲ ಇಟ್ಟಿಗೆಯ ಭಟ್ಟಿಗಳಿಂದ ತುಂಬಿತ್ತು. ಭಟ್ಟಿಗಳು ಆರಿದ ಮೇಲೆ ಜೇಡಿಮಣ್ಣು ತೆಗೆದ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾದವು, ದಿಬ್ಬಗಳ ಮೇಲೆ ಮರಗಳೆದ್ದವು. ಅದೇ ಇಂದಿನ ‘ಡೆ ಸ್ಕೋರೆ’ ಎಂಬ ವಿಹಾರವನ. 2005ರಲ್ಲಿ ಈ ವನದಲ್ಲಿ ‘ಟುಮಾರೊಲ್ಯಾಂಡ್’ ಎಂಬ ಎಲೆಕ್ಟ್ರಾನಿಕ್ ನೃತ್ಯ ಸಂಗೀತದ ಉತ್ಸವ ಮೊದಲಾಯಿತು. ಈಗ ಜುಲೈ ತಿಂಗಳ ಉತ್ತರಾರ್ಧದ ಎರಡು ವಾರಾಂತ್ಯಗಳಲ್ಲಿ ಒಟ್ಟು ಸುಮಾರು 4 ಲಕ್ಷ ಜನ ಅಲ್ಲಿ ಸೇರುತ್ತಾರೆ. ಮಧ್ಯಾಹ್ನಕ್ಕೆ ಆರಂಭವಾದ ಕುಣಿತ ನಡುರಾತ್ರಿಯವರೆಗೆ ನಿಲ್ಲುವುದಿಲ್ಲ.

ಜೈನ ವಾಚಕರಿಗೆ ಈ ಕಾಲಮಾನದಲ್ಲಿಯೇ ಒಂದು ವೈದೃಶ್ಯ ಕಂಡೀತು. ಆಷಾಢದ ಶುಕ್ಲಪಕ್ಷದ ಕೊನೆಗೆ ಮುನಿಗಳು ಚಾತುರ್ಮಾಸಕ್ಕೆ ನಿಲ್ಲುತ್ತಾರೆ. ಮಳೆಗೆ ನೆಲದಿಂದೆದ್ದ ಜೀವಿಗಳು ಕಾಲಡಿಗೆ ಸಿಕ್ಕಾವೆಂದು ಸಂಚಾರವನ್ನೇ ಬಿಡುತ್ತಾರೆ. ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಬೂಮ್‌ನ ಹುಲ್ಲುಗಾವಲಿನ ಮೇಲೆ ಲಕ್ಷಾಂತರ ಪಾದಗಳು ಕುಣಿಯುತ್ತವೆ. ಇಷ್ಟನ್ನೇ ಹೇಳಿ ಮುಗಿಸುವುದು ಸುಲಭ. ಅಂಥ ಉಪದೇಶಗಳಿಗೆ ಎಂದೂ ಬರವಿಲ್ಲ. ಆದರೆ ಆ ಬಯಲಿನಲ್ಲಿ ಜೈನರ ಮಕ್ಕಳೂ ಇರುತ್ತಾರೆ. ಗುಜರಾತಿನ ಪಾಲನಪುರದಿಂದ ವಜ್ರವ್ಯಾಪಾರಕ್ಕೆಂದು ಹೋದ ಜೈನ ಕುಟುಂಬಗಳು ಆಂಟ್‌ವರ್ಪ್‌ನಲ್ಲಿ ನೆಲೆನಿಂತು ಎರಡು ಮೂರು ತಲೆಮಾರುಗಳು ಕಳೆದಿವೆ. ಆ ನಗರಕ್ಕೆ ಸೇರಿದ ವಿಲ್ರೈಕ್‌ನಲ್ಲಿ ಅವರು ಅಮೃತಶಿಲೆಯ ಮಂದಿರವನ್ನು ಕಟ್ಟಿಸಿ 2010ರಲ್ಲಿ ಪ್ರತಿಷ್ಠೆ ಮಾಡಿಸಿದರು. ಆ ಮಂದಿರಕ್ಕೂ ಬೂಮ್‌ನ ಬಯಲಿಗೂ ನಡುವಿನ ದೂರ ಹತ್ತು ಹನ್ನೆರಡು ಕಿಲೋಮೀಟರ್ ಮಾತ್ರ.

ಬೆಳಗಾವಿ ಜಿಲ್ಲೆಯ ಒಂದು ದಿಗಂಬರ ಜೈನ ಮನೆತನದ ತರುಣನೊಬ್ಬನು ಉದ್ಯೋಗಕ್ಕಾಗಿ ಆ ದೇಶದಲ್ಲಿದ್ದನು. ಕೃಷಿಕರ ಮನೆ; ಅವನೇ ಮೊದಲ ಎಂಜಿನಿಯರ್. ಹನ್ನೆರಡನೆಯ ವಯಸ್ಸಿನಲ್ಲಿ ಊರಿಗೆ ಬಂದ ಮುನಿಗಳ ಮುಂದೆ ರಾತ್ರಿಭೋಜನ ತ್ಯಾಗದ ನಿಯಮ ಸ್ವೀಕರಿಸಿದ್ದನು, ಅದನ್ನು ಮುರಿದಿರಲಿಲ್ಲ. ಮದ್ಯ ಮುಟ್ಟಿದವನಲ್ಲ. ಈ ಸಂಗೀತದ ರುಚಿ ಅವನಿಗೆ ಹತ್ತಿದ್ದು ಬೆಲ್ಜಿಯಂನಲ್ಲಲ್ಲ, ಗೋವೆಯಲ್ಲಿ. 2007ರ ಡಿಸೆಂಬರ್‌ನಲ್ಲಿ ಅಲ್ಲಿ ‘ಸನ್‌ಬರ್ನ್’ ಎಂಬ ಉತ್ಸವ ಆರಂಭವಾದಂದಿನಿಂದ ಬೆಳಗಾವಿಯ ಕಾಲೇಜು ಹುಡುಗರಿಗೆ ಇದು ಘಟ್ಟ ಇಳಿದರೆ ಸಿಗುವ ಸರಕಾಗಿತ್ತು.

ಆ ಸಂಗೀತದ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಅವಶ್ಯ. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ‘ಟಿಆರ್-808’ ಎಂಬ ತಾಳಯಂತ್ರವನ್ನು ಮಾರಾಟಕ್ಕೆ ತಂದಿತು. ನಿಜವಾದ ಡೋಲಿನಂತೆ ಅದು ನುಡಿಯಲಿಲ್ಲವೆಂದು ಸಂಗೀತಗಾರರು ಕೈಬಿಟ್ಟರು. ಕೆಲವೇ ವರ್ಷಗಳಲ್ಲಿ ತಯಾರಿಕೆಯೂ ನಿಂತಿತು. ಹಳೆಯ ಸಾಮಾನಿನ ಅಂಗಡಿಗೆ ಬಂದ ಇಂಥ ಯಂತ್ರಗಳನ್ನು ಕಡಿಮೆ ಬೆಲೆಗೆ ಕೊಂಡ ಅಮೆರಿಕದ ಷಿಕಾಗೊ, ಡೆಟ್ರಾಯಿಟ್ ನಗರಗಳ ಕಪ್ಪು ಜನಾಂಗದ ಯುವಕರು ಅವುಗಳಿಂದಲೇ ಹೊಸದೊಂದು ಸಂಗೀತ ಹುಟ್ಟಿಸಿದರು. ಬಂಡವಾಳ ಹಾಕಿದವನಿಗೆ ನಷ್ಟ, ರದ್ದಿಯಲ್ಲಿ ಕೊಂಡವನಿಗೆ ಲಾಭ. ವ್ಯಾಪಾರದ ಲೋಕದಲ್ಲಿ ಇದು ಹೊಸ ಕಥೆಯೇನಲ್ಲ. ನಿಮಿಷಕ್ಕೆ 120 ರಿಂದ 130 ಪೆಟ್ಟು, ನಾಲ್ಕು ಮಾತ್ರೆಗೂ ಒಂದೇ ತೂಕದ ಗುದ್ದು. ನುಡಿಸುವವನಾದ ಡಿಜೆಯ ಮುಖ್ಯ ಕೌಶಲವಿರುವುದು ಒಂದು ಹಾಡು ಮುಗಿದು ಇನ್ನೊಂದು ಮೊದಲಾಗುವ ಸಂಧಿಯಲ್ಲಿ. ಎರಡರ ಲಯವನ್ನೂ ಕೂದಲೆಳೆಯಷ್ಟೂ ಅಂತರವಿಲ್ಲದಂತೆ ಹೊಂದಿಸಿ, ಮೊದಲನೆಯದು ಎಲ್ಲಿ ಸತ್ತಿತು, ಎರಡನೆಯದು ಎಲ್ಲಿ ಹುಟ್ಟಿತು ಎಂಬುದು ಕುಣಿಯುವವರಿಗೆ ತಿಳಿಯದಂತೆ ಮಾಡಬೇಕು. ತಿಳಿದರೆ ಕುಣಿತ ಮುರಿಯುತ್ತದೆ, ಡಿಜೆ ಸೋತಂತೆ.

2025ರ ಜುಲೈ 16ರಂದು, ಉತ್ಸವಕ್ಕೆ ಎರಡೇ ದಿನ ಉಳಿದಿರುವಾಗ, ಬೂಮ್‌ನ ಮುಖ್ಯ ವೇದಿಕೆಗೆ ಬೆಂಕಿ ಬಿದ್ದಿತು. ಹಿಮಲೋಕದಂತೆ ರಚಿಸಿದ್ದ ಬೃಹತ್ ವೇದಿಕೆ ಸಂಜೆಯ ಹೊತ್ತಿಗೆ ಕಪ್ಪು ಕಬ್ಬಿಣದ ಎಲುಬುಗೂಡಾಯಿತು. ಪುಣ್ಯಕ್ಕೆ ಪ್ರಾಣಹಾನಿಯಾಗಲಿಲ್ಲ. ಉತ್ಸವ ರದ್ದಾಯಿತೆಂದೇ ಬಹಳ ಮಂದಿ ತಿಳಿದರು. ಆದರೆ 18ರಂದು ಬಾಗಿಲು ತೆರೆಯಿತು; ಅದೇ ಬಯಲಿನಲ್ಲಿ ಬೇರೊಂದು ವೇದಿಕೆ ನಿಂತಿತ್ತು. ತರುಣನು ಹೋದದ್ದು ಮರುದಿನ, ಶನಿವಾರ. ಹೊಸ ದೀಪಗಳ ಹಿಂದೆ ಸುಟ್ಟದ್ದರ ಕುರುಹು ಹಗಲಿನಲ್ಲಿ ಅವನಿಗೆ ಕಂಡಿತಂತೆ. ಕತ್ತಲಾದ ಮೇಲೆ ಕಾಣಲಿಲ್ಲ.

ಅವನು ಕಂಡದ್ದನ್ನು ಅವನ ಮಾತಿನಂತೆಯೇ ಹೇಳಬೇಕಾದರೆ, ಅಲ್ಲಿ ದುಷ್ಟತನವೇನೂ ಇರಲಿಲ್ಲ. ನಾನಾ ದೇಶಗಳ ಧ್ವಜಗಳನ್ನು ಹೊದ್ದ ಜನ. ಹೆಸರು ಕೇಳದೆ ನೀರು ಕೊಡುವವರು, ಬಿದ್ದವನನ್ನು ಎತ್ತಿ ನಿಲ್ಲಿಸುವವರು. ಮುಂಗೈಗೆ ಬಟ್ಟೆಯ ಪಟ್ಟಿಯೊಂದನ್ನು ಬಿಗಿಯುತ್ತಾರೆ. ಕತ್ತರಿಸದ ಹೊರತು ಅದು ಬಿಚ್ಚದು. ಪ್ರವೇಶಕ್ಕೂ ಅದೇ, ಹಣಕ್ಕೂ ಅದೇ. ಒಳಗಿನ ನಾಣ್ಯಕ್ಕೆ ‘ಮುತ್ತು’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಯೂರೊ ಮುತ್ತಾಗಿ, ಮುತ್ತು ಪಾನೀಯವಾಗಿ ಕರಗುವಾಗ ಎಷ್ಟು ಕರಗಿತೆಂಬ ಲೆಕ್ಕ ಮನಸ್ಸಿಗೆ ಹತ್ತುವುದಿಲ್ಲ. ನಾಣ್ಯದ ಹೆಸರು ಬದಲಿಸಿದವನು ಗಿರಾಕಿಯ ಮನಸ್ಸನ್ನು ಬಲ್ಲವನೇ ಸರಿ.

ಆ ನಾದ ಕಿವಿಯಿಂದ ಕೇಳುವಂಥದಲ್ಲ. ಕಿವಿಗೆ ಅವನು ಬಿರಡೆ ಹಾಕಿಕೊಂಡಿದ್ದನು. ತಗ್ಗಿನ ಸ್ವರ ಎದೆಯ ಗೂಡಿನಲ್ಲಿ, ಹಲ್ಲಿನಲ್ಲಿ, ಅಂಗಾಲಿನಲ್ಲಿ ಮಿಡಿಯುತ್ತಿತ್ತು. ಸಾವಿರಾರು ಜನ ಒಮ್ಮೆಲೆ ನೆಗೆದು ಒಮ್ಮೆಲೆ ಇಳಿದಾಗ ‘ನಾನು’ ಎಂಬ ಭಾವವೇ ಇಲ್ಲವಾಯಿತೆಂದು, ಅಷ್ಟು ಹಗುರತೆಯನ್ನು ಹಿಂದೆಂದೂ ಅನುಭವಿಸಿರಲಿಲ್ಲವೆಂದು ಅವನು ಹೇಳಿದನು. ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮಹಾಮಸ್ತಕಾಭಿಷೇಕದ ದಿನ ವಿಂಧ್ಯಗಿರಿಯ ಮೇಲೆ ನಿಂತವರೂ ಇಂಥದೇ ಒಂದು ಮಾತನ್ನಾಡುತ್ತಾರೆ. ಸಾಮಾಯಿಕಕ್ಕೆ ಕುಳಿತ ಶ್ರಾವಕನೂ 48 ನಿಮಿಷ ಅಹಂಕಾರವನ್ನು ಇಳಿಸಿಡಲು ಯತ್ನಿಸುತ್ತಾನೆ. ಆದರೆ ಸಾಮಾಯಿಕದಲ್ಲಿ ಇಳಿಸಿಡುವವನು ಎಚ್ಚರವಾಗಿರುತ್ತಾನೆ. ಮೈಮರೆವಿನಲ್ಲಿ ಭಾರವೇನೋ ಇಳಿಯುತ್ತದೆ; ಇಳಿಸಿದವನು ಮಾತ್ರ ಅಲ್ಲಿರುವುದಿಲ್ಲ. ಶಾಸ್ತ್ರವು ಇದಕ್ಕೆ ಪ್ರಮಾದವೆಂಬ ಹೆಸರು ಕೊಟ್ಟಿದೆ.

ಆ ದೇಶದಲ್ಲಿ ಜುಲೈ ತಿಂಗಳ ಸೂರ್ಯನು ರಾತ್ರಿ ಒಂಬತ್ತೂವರೆಯ ನಂತರ ಮುಳುಗುತ್ತಾನೆ. ತರುಣನು ಒಂಬತ್ತು ಗಂಟೆಗೆ, ಬಿಸಿಲು ಇರುವಾಗಲೇ, ಡಬ್ಬಿಯಲ್ಲಿ ತಂದಿದ್ದ ಚಪಾತಿಯನ್ನು ಕೆರೆಯ ದಂಡೆಯಲ್ಲಿ ಕುಳಿತು ತಿಂದನು. ನಿಯಮ ಉಳಿಯಿತು. ಫೋನನ್ನು ಸೊಂಟದ ಚೀಲಕ್ಕೆ ಹಾಕಿ ಮತ್ತೆ ಮುಖ್ಯ ಬಯಲಿಗೆ ಹೋದನು.

ಊರಿನಲ್ಲಿ ಅವನ ಆಯಿ, ತಂದೆಯ ತಾಯಿ, ನಾಲ್ಕು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಅವನಿಗೆ ಪಂಚನಮಸ್ಕಾರ ಮಂತ್ರವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಲಿಸಿದವರು ಅವರೇ. ವಿದೇಶಕ್ಕೆ ಹೊರಟ ದಿನ, “ತಮ್ಮಾ, ಕಡೀ ವ್ಯಾಳ್ಯಾಕ್ಕ ನನ್ನ ಕಿವ್ಯಾಗ ಣಮೋಕಾರ ನೀನ ಹೇಳಬೇಕ ನೋಡ” ಎಂದಿದ್ದರು. “ಅಷ್ಟ ದೂರದಿಂದ ಹೆಂಗ ಹೇಳಲಿ ಆಯಿ?” ಎಂದು ಅವನು ನಕ್ಕಿದ್ದನು. “ಫೋನ್ ಐತಲ್ಲ” ಎಂದಿದ್ದರು ಅವರು.

ನಡುರಾತ್ರಿ ದಾಟಿದ ಮೇಲೆ, ಬಸ್ಸಿನ ಸಾಲಿನಲ್ಲಿ ನಿಂತು ಫೋನ್ ತೆಗೆದಾಗ, ತಂದೆಯಿಂದ ಹನ್ನೊಂದು ಕರೆ ಬಂದಿದ್ದವು. ಮೊದಲನೆಯದು 9 ಗಂಟೆ 52 ನಿಮಿಷಕ್ಕೆ. ಬೆಳಗಾವಿಯಲ್ಲಿ ಆಗ ರಾತ್ರಿ 1 ಗಂಟೆ 22 ನಿಮಿಷ. ಫೋನ್ ಸೊಂಟದಲ್ಲಿಯೇ ಇತ್ತು, ಕರೆ ಬಂದಾಗಲೆಲ್ಲ ನಡುಗಿಯೂ ಇತ್ತು. ಆದರೆ ಇಡೀ ಮೈಯೇ ನಡುಗುತ್ತಿದ್ದಾಗ ಆ ಒಂದು ನಡುಕ ಬೇರೆಯಾಗಿ ತಿಳಿಯಲಿಲ್ಲ.

“ಗಾಬರಿ ಆಗಬ್ಯಾಡ” ಎಂದರು ತಂದೆ. “ನಿಮ್ಮವ್ವ ಹೇಳಿದ್ಲು ಕಿವ್ಯಾಗ. ಮುಂಜಾನೆ ಎಂಟಕ್ಕ ಎಲ್ಲಾ ಮುಗಸ್ತೀವಿ. ನೀ ಓಡಿ ಬಂದ್ರೂ ಮುಟ್ಟೂದಿಲ್ಲ.” ಎಲ್ಲಿದ್ದೆ ಎಂದು ಅವರು ಕೇಳಲಿಲ್ಲ.

ತರುಣನಿಗೆ ಆ ಸಾಲಿನಲ್ಲಿ ನೆನಪಾದದ್ದು ಊರಿನ ಪಂಚಕಲ್ಯಾಣ. ದೀಕ್ಷಾಕಲ್ಯಾಣದ ದಿನ ನೀಲಾಂಜನೆಯ ನೃತ್ಯವನ್ನು ಆಡಿಸುವ ರೂಢಿಯಿದೆ. ಅವನು ಹುಡುಗನಾಗಿದ್ದಾಗ ಒಂದೇ ತರದ ಸೀರೆಯುಟ್ಟ ಇಬ್ಬರು ಹುಡುಗಿಯರು ಸಿದ್ಧರಾಗಿದ್ದರು. ನರ್ತಿಸುತ್ತಿದ್ದವಳು ದೀಪ ಆರಿದ ಕ್ಷಣದಲ್ಲಿ ಸರಿದಳು. ದೀಪ ಹತ್ತಿದಾಗ ಮತ್ತೊಬ್ಬಳು ಅದೇ ಹೆಜ್ಜೆಯಲ್ಲಿದ್ದಳು. ಮಂಟಪದಲ್ಲಿದ್ದವರೆಲ್ಲ ಜಾದೂ ನೋಡಿದಂತೆ ಚಪ್ಪಾಳೆ ತಟ್ಟಿದರು. ಈಗಲೂ ತಟ್ಟುತ್ತಾರೆ, ಧ್ವನಿವರ್ಧಕ ಇನ್ನಷ್ಟು ದೊಡ್ಡದಾಗಿದೆ ಅಷ್ಟೆ. ಸತ್ತವಳು ಯಾರೆಂದು ಕೇಳಿದ್ದು ಆಯಿ ಒಬ್ಬರೇ ಎಂದು ಅವನಿಗೆ ನೆನಪು. “ಪಾಪ, ಆಕಿ ಎಲ್ಲಿ ಹೋದ್ಲು?” ಎಂದು ಆಯಿ ಪಕ್ಕದವರನ್ನು ಕೇಳಿದ್ದರು.

ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲಿಯೂ, ಅದನ್ನು ಅನುಸರಿಸಿದ ಪಂಪನ ಕ್ರಿ.ಶ. 941ರ ಆದಿಪುರಾಣದಲ್ಲಿಯೂ ಈ ಪ್ರಸಂಗ ಬರುತ್ತದೆ. ಆಯುಷ್ಯ ಮುಗಿಯಲಿದ್ದ ನೀಲಾಂಜನೆಯನ್ನು ತಿಳಿದೇ ಆರಿಸಿದವನು ಇಂದ್ರ. ಅವಳು ಮಿಂಚಿನಂತೆ ಅದೃಶ್ಯಳಾದಾಗ, ರಸಭಂಗವಾಗಬಾರದೆಂದು ಅವಳಂಥವಳೇ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸಿದವನೂ ಅವನೇ. ಸಭೆ ಕಾಣಲಿಲ್ಲ, ವೃಷಭದೇವ ಕಂಡನು. ಅವನು ಕಣ್ಣು ಮುಚ್ಚಿ ಕುಳಿತಿರಲಿಲ್ಲ, ನೃತ್ಯವನ್ನು ಬೇಡವೆಂದೂ ಅಂದಿರಲಿಲ್ಲ. ನೋಡುತ್ತಿದ್ದನು, ಆದ್ದರಿಂದಲೇ ಕಂಡನು. ಪ್ರವಚನಗಳಲ್ಲಿ ಈ ಅಂಶ ಆಗಾಗ ತಪ್ಪಿಹೋಗುತ್ತದೆ. ನೀಲಾಂಜನೆಯ ಪಕ್ಷ ವಹಿಸಿ ಒಂದು ಮಾತಾಡುವವರಂತೂ ಇನ್ನೂ ವಿರಳ. ಅವಳು ದಣಿದಿದ್ದಳೇ ಎಂದು ಇಂದ್ರನನ್ನು ಕೇಳಿದವರಿಲ್ಲ. ಅವೀಚಿ ಎಂಬ ಹೆಸರಿನಿಂದ ಲೋಕಪ್ರಸಿದ್ಧನಾಗಿದ್ದ ಸ್ವೀಡನ್ನಿನ ಡಿಜೆ ಟಿಮ್ ಬರ್ಗ್‌ಲಿಂಗ್ ಆರೋಗ್ಯ ಕೆಟ್ಟು 2016ರಲ್ಲಿ ವೇದಿಕೆ ಬಿಟ್ಟನು. 2018ರ ಏಪ್ರಿಲ್ 20ರಂದು ಮಸ್ಕತ್‌ನಲ್ಲಿ ತೀರಿಕೊಂಡನು. ವಯಸ್ಸು 28. ಅವನು ನಿಲ್ಲುತ್ತಿದ್ದ ವೇದಿಕೆಗಳು ಆ ಬೇಸಗೆಯಲ್ಲಿ ಬರಿದಾಗಿರಲಿಲ್ಲ.

ನಿಲ್ಲಿಸಲಾಗದ ಸ್ಥಿತಿಯೂ ಉಂಟು. ಬರ್ಲಿನ್ನಿನಲ್ಲಿ 1989ರಲ್ಲಿ ನೂರೈವತ್ತು ಜನರಿಂದ ಆರಂಭವಾದ ‘ಲವ್ ಪರೇಡ್’ ಲಕ್ಷಗಟ್ಟಲೆ ಜನರ ಜಾತ್ರೆಯಾಗಿ ಬೆಳೆದು, 2010ರ ಜುಲೈ 24ರಂದು ಜರ್ಮನಿಯ ಡೂಯಿಸ್‌ಬರ್ಗ್‌ನ ಹಳೆಯ ಸರಕು ರೈಲು ನಿಲ್ದಾಣದಲ್ಲಿ ನಡೆಯಿತು. ಒಳಹೋಗುವುದಕ್ಕೂ ಹೊರಬರುವುದಕ್ಕೂ ಸುರಂಗ ಮತ್ತು ಇಳಿಜಾರಿನ ಒಂದೇ ದಾರಿ. ಅಲ್ಲಿನ ನೂಕುನುಗ್ಗಲಿನಲ್ಲಿ 21 ಜನ ಸತ್ತರು, ನೂರಾರು ಜನ ಗಾಯಗೊಂಡರು. ಒಮ್ಮೆಲೆ ನಿಲ್ಲಿಸಿದರೆ ಭೀತಿ ಹರಡೀತೆಂದು ಕಾರ್ಯಕ್ರಮವನ್ನು ರಾತ್ರಿಯವರೆಗೆ ಮುಂದುವರಿಸಿದರು. ಮೇಲಿನ ಬಯಲಿನಲ್ಲಿದ್ದ ಅನೇಕರು ಏನೂ ಅರಿಯದೆ ಕುಣಿಯುತ್ತಲೇ ಇದ್ದರು. ಆ ನಿರ್ಧಾರ ಜೀವಗಳನ್ನು ಉಳಿಸಿರಲೂಬಹುದು. 2017ರಲ್ಲಿ ಆರಂಭವಾದ ವಿಚಾರಣೆ 2020ರ ಮೇ ತಿಂಗಳಲ್ಲಿ ಯಾವ ತೀರ್ಪೂ ಇಲ್ಲದೆ ಮುಗಿಯಿತು.

ತರುಣನ ಸುದ್ದಿ ಊರಿನಲ್ಲಿ ಹರಡಿದಾಗ ಕೆಲವರು, ಕುಣಿಯಲು ಹೋದದ್ದಕ್ಕೆ ಫಲ ಉಂಡನೆಂದರು. ಇದು ಅಗ್ಗದ ಕರ್ಮಸಿದ್ಧಾಂತ. ಆ ರಾತ್ರಿ ಅವನು ನಿದ್ರೆ ಮಾಡಿದ್ದರೂ ಕರೆ ತಪ್ಪಬಹುದಿತ್ತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತದ ವಿವರಣೆಯಿದೆ. ಊಟ, ವಾಹನ, ಹಾಸಿಗೆ, ತಾಂಬೂಲ, ಒಡವೆಗಳ ಜತೆಗೆ ಸಂಗೀತವನ್ನೂ ಗೀತವನ್ನೂ ಅಲ್ಲಿ ಹೆಸರಿಸಿದ್ದಾರೆ. ಇವುಗಳಿಗೆ ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ ಎಂದು ಅವಧಿ ಕಟ್ಟಿಕೊಳ್ಳುವುದು ನಿಯಮ. ಗೃಹಸ್ಥನಿಗೆ ಆಚಾರ್ಯರು ಇಲ್ಲಿ ಕೇಳುವುದು ಅಳತೆಯನ್ನು. ಆ ಶನಿವಾರ ತರುಣನು ಊಟಕ್ಕೆ ಅಳತೆ ಇಟ್ಟಿದ್ದನು, ಗಡಿಯಾರ ನೋಡಿ ಪಾಲಿಸಿದ್ದನು. ನಾದಕ್ಕೂ ಒಂದು ಅಳತೆ ಬೇಕೆಂದು, ಗಂಟೆಗೊಮ್ಮೆ ಹೊರಗೆ ಬಂದು ಫೋನ್ ನೋಡಬೇಕೆಂದು ಅವನಿಗೆ ಹೊಳೆದಿರಲಿಲ್ಲ. ತಾನು ಮುರಿದ ವ್ರತ ಯಾವುದೆಂದು ಯಾರಾದರೂ ಕೇಳಿದರೆ ಉತ್ತರವಿಲ್ಲ, ಕಷ್ಟವಿರುವುದೇ ಅದರಲ್ಲಿ ಎಂದು ಅವನೇ ಆಮೇಲೆ ಹೇಳಿದನು.

ಭಾನುವಾರ ಬೆಳಿಗ್ಗೆ ಅವನು ವಿಲ್ರೈಕ್‌ನ ಮಂದಿರಕ್ಕೆ ಹೋದನು. ಸೂತಕವಾದ್ದರಿಂದ ಒಳಗೆ ಹೋಗಲಿಲ್ಲ. ಹೊರಗೆ ಮೆಟ್ಟಿಲ ಬದಿಯಲ್ಲಿ ನಿಂತನು. ಪೂಜೆ ಮುಗಿಸಿ ಬಂದ ಪಾಲನಪುರದ ವೃದ್ಧರೊಬ್ಬರು ಏಕೆ ಹೊರಗೆ ನಿಂತೆಯೆಂದು ಹಿಂದಿಯಲ್ಲಿ ಕೇಳಿದರು. ಅವನು ಹೇಳಿದನು. ಅವರ ದೃಷ್ಟಿ ಅವನ ಮುಂಗೈಯ ಪಟ್ಟಿಯ ಮೇಲೆ ಬಿದ್ದಿತು. ಅವನು ಕೈಯನ್ನು ಹಿಂದೆ ಸರಿಸಿದನು.

ತಮ್ಮ ಮೊಮ್ಮಗನ ಕೈಯಲ್ಲಿಯೂ ಇಂಥದೇ ಇದೆ, ಅವನು ಇನ್ನೂ ಎದ್ದಿಲ್ಲ ಎಂದರು ಅವರು. ನಂತರ ಆಯಿಯ ಹೆಸರು ಕೇಳಿ ತಿಳಿದುಕೊಂಡು, ಆ ಮೆಟ್ಟಿಲ ಬದಿಯಲ್ಲಿಯೇ ಅವನ ಪಕ್ಕಕ್ಕೆ ನಿಂತರು. ಇಬ್ಬರೂ ಮೆಲ್ಲನೆ ಒಂಬತ್ತು ಸಲ ಮಂತ್ರ ಹೇಳಿದರು. ತರುಣನು ‘ಣಮೋ’ ಎಂದು, ವೃದ್ಧರು ತಮ್ಮ ರೂಢಿಯಂತೆ ‘ನಮೋ’ ಎಂದು.