ಹೊಸ ಆಟ, ಹಳೆಯ ಕೈಪಿಡಿ

ವಿಡಿಯೋ ಗೇಮ್‌ಗಳಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತೇನೆ ಎಂದರೆ ನಮ್ಮ ಹೊಳಲ್ಕೆರೆಯಲ್ಲಿ ಎರಡು ಬಗೆಯ ಉತ್ತರ ಸಿಗುತ್ತದೆ. ದೊಡ್ಡವರು, “ಆಡೋಕೂ ಪುಸ್ತಕ ಬೇಕೇನಮ್ಮ?” ಎನ್ನುತ್ತಾರೆ. ಹುಡುಗರು, “ಯಾವ ಗೇಮಿಗೆ ಅಕ್ಕ?” ಎನ್ನುತ್ತಾರೆ. ಮೊದಲನೆಯದಕ್ಕೆ ನಕ್ಕು ಸುಮ್ಮನಾಗಬಹುದು. ಎರಡನೆಯದು ನಿಜವಾದ ಪ್ರಶ್ನೆ. ಅಡುಗೆ ಪುಸ್ತಕ ಬರೆದವರಿಗೆ ಬೇಳೆ ನಾಳೆಯೂ ಬೇಯುತ್ತದೆ ಎಂಬ ಭರವಸೆ ಇರುತ್ತದೆ. ಗೇಮಿಗೆ ಕೈಪಿಡಿ ಬರೆದವರಿಗೆ ಆ ಭರವಸೆ ಇಲ್ಲ.

ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಹಾಸ್ಟೆಲ್ ಮುಚ್ಚಿ ಊರಿಗೆ ಬಂದಿದ್ದೆ. ಬೀದಿಯ ಹುಡುಗರೆಲ್ಲ ಪಬ್‌ಜಿ ಮೊಬೈಲ್ ಆಡುತ್ತಿದ್ದರು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಜಿಗಿಯುತ್ತಾರೆ, ಬರಿಗೈಯಲ್ಲಿ ಇಳಿದು ಮನೆಮನೆ ಹೊಕ್ಕು ಆಯುಧ ಹುಡುಕುತ್ತಾರೆ. ಇರಬಹುದಾದ ಜಾಗ ಒಂದು ವೃತ್ತವಾಗಿ ಕಿರಿದಾಗುತ್ತಾ ಹೋಗುತ್ತದೆ, ಕೊನೆಗೆ ಉಳಿದವರು ಗೆಲ್ಲುತ್ತಾರೆ. ಹೇಗೆ ಆಡಬೇಕೆಂದು ಹೇಳಿಕೊಡುವ ವಿಡಿಯೋಗಳು ಅವರಿಗೆ ಸಿಗುತ್ತಿದ್ದದ್ದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಈ ಹುಡುಗರು ಚಿತ್ರ ನೋಡಿ ಅರ್ಧ ಊಹಿಸುತ್ತಿದ್ದರು. ಅವರಿಗೆಂದು ನಾಲ್ಕು ಪುಟ ಬರೆದುಕೊಟ್ಟೆ. ನಾಲ್ಕು ನಲವತ್ತಾಯಿತು. ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಕೈಯಿಂದ ಕೈಗೆ ಹೋಯಿತು.

ಬರೆಯಲು ಕೂತಾಗ ಎದುರಾದ ತೊಡಕು ಆಟದ್ದಲ್ಲ, ಮಾತಿನದು. ಕಿರಿದಾಗುವ ಆ ವೃತ್ತಕ್ಕೆ ಇಂಗ್ಲಿಷಿನಲ್ಲಿ ‘ಝೋನ್’ ಎನ್ನುತ್ತಾರೆ. ನಮ್ಮ ಹುಡುಗರು ಅದನ್ನು ‘ಸುತ್ತು’ ಎಂದು ಕರೆಯುತ್ತಿದ್ದರು. ಏಳುಸುತ್ತಿನ ಕೋಟೆಯ ಜಿಲ್ಲೆಯವರಿಗೆ ಆ ಪದ ತಾನಾಗಿ ಬಾಯಿಗೆ ಬಂದಿರಬೇಕು. ಆದರೆ ಅರ್ಥ ತಿರುಗುಮುರುಗು. ಚಿತ್ರದುರ್ಗದಲ್ಲಿ ಒಳಗಿನ ಸುತ್ತಿಗೆ ಹೋದಷ್ಟೂ ರಕ್ಷಣೆ ಹೆಚ್ಚು. ಈ ಆಟದಲ್ಲಿ ಒಳಗಿನ ಸುತ್ತಿಗೆ ಹೋದಷ್ಟೂ ಶತ್ರು ಹತ್ತಿರ. ಈ ಒಂದು ಹೋಲಿಕೆಯಿಂದಲೇ ಎರಡು ಪುಟ ವಿವರಣೆ ಉಳಿಯಿತು. ಹಾಗೆಯೇ ‘ಕಿಲ್’. ಅದಕ್ಕೆ ‘ಕೊಲೆ’ ಎಂದು ಬರೆಯಲು ಮನಸ್ಸಾಗಲಿಲ್ಲ. ಲಗೋರಿ, ಕಬಡ್ಡಿ ಆಡಿ ಬೆಳೆದ ಹುಡುಗರು “ಔಟಾದ” ಎನ್ನುತ್ತಿದ್ದರು. ನಾನೂ ಔಟ್ ಎಂದೇ ಬರೆದೆ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಬ್‌ಜಿ ಮೊಬೈಲ್ ಅದರಲ್ಲಿತ್ತು. ಮೊದಲೇ ಇಳಿಸಿಕೊಂಡವರು ಇನ್ನೂ ಕೆಲವು ವಾರ ಆಡಿದರು. ಅಕ್ಟೋಬರ್ 30ಕ್ಕೆ ಭಾರತದ ಆಟಗಾರರಿಗೆ ಸರ್ವರ್ ಕೂಡ ಬಂದ್ ಆಯಿತು. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಎರಾಂಗಲ್ ಎಂಬ ದ್ವೀಪ ನಮ್ಮ ಪಾಲಿಗೆ ಇಲ್ಲವಾಯಿತು. ಉಳಿದದ್ದು ನನ್ನ ನಲವತ್ತು ಪುಟ: ಇಲ್ಲಿ ಇಳಿಯಿರಿ, ಈ ಸೇತುವೆಯ ಮೇಲೆ ಹೋಗಬೇಡಿ, ಗುಡ್ಡದ ಬೆನ್ನು ಹಿಡಿದು ನಡೆಯಿರಿ. ಕೈಪಿಡಿಯ ವಾಕ್ಯಗಳೆಲ್ಲ ವಿಧ್ಯರ್ಥದಲ್ಲಿರುತ್ತವೆ. ಮಾಡಿ ಎನ್ನುತ್ತವೆ. ಮಾಡಲು ಜಾಗವೇ ಇಲ್ಲದಿರುವಾಗ ಅಂಥ ವಾಕ್ಯವನ್ನು ಓದುವುದು ವಿಚಿತ್ರ ಅನುಭವ.

ಆಟ ಹೋದ ಮೇಲೆ ಕೈಪಿಡಿ ಏನಾಗುತ್ತದೆ? ನನ್ನ ಸಂಶೋಧನೆ ಕನ್ನಡದ ಶಾಸ್ತ್ರಗ್ರಂಥಗಳ ಬಗ್ಗೆ ಆದ್ದರಿಂದ ಈ ಪ್ರಶ್ನೆ ಓದಿನ ಮೇಜಿಗೂ ಬಂತು. ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಿಂದ ಹಿಡಿದು, ಹೇಗೆ ಮಾಡಬೇಕೆಂದು ಹೇಳುವ ಬರವಣಿಗೆ ಕನ್ನಡಕ್ಕೆ ಹೊಸತಲ್ಲ. ಆಟಗಳ ಮಟ್ಟಿಗೆ ನಮ್ಮ ದೊಡ್ಡ ಹೆಸರು ಮುಮ್ಮಡಿ ಕೃಷ್ಣರಾಜ ಒಡೆಯರ್. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ನಂತರವೂ 1868ರವರೆಗೆ ಬದುಕಿದ್ದ ಈ ಅರಸರು ಚದುರಂಗದ ಕುದುರೆಯನ್ನು ಯಾವ ಮನೆಯನ್ನೂ ಎರಡು ಸಲ ಮುಟ್ಟದಂತೆ ಅರುವತ್ತನಾಲ್ಕೂ ಮನೆಗಳಲ್ಲಿ ನಡೆಸುವ ಬಗೆಗಳನ್ನು ರಚಿಸಿದರು. ಗಂಜೀಫಾದಲ್ಲಿ ಹೊಸ ಹೊಸ ಎಲೆಗಳ ಕಟ್ಟುಗಳನ್ನೇ ಕಲ್ಪಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಆಟಗಳಿಗೆಂದೇ ಒಂದು ಇದೆ, ಕೌತುಕನಿಧಿ. ಯಾವ ಎಲೆಯ ಮೇಲೆ ಯಾವ ದೇವತೆ, ಯಾವ ಬಣ್ಣ ಎಂಬುದೆಲ್ಲ ಅಲ್ಲಿ ದಾಖಲಾಗಿದೆ. ಇವತ್ತು ಗಂಜೀಫಾ ಎಲೆಗಳನ್ನು ಚಿತ್ರಕಲೆಯಾಗಿ ನೋಡುವವರಿದ್ದಾರೆ. ಸಂಜೆ ಕೂತು ಆಡುವವರು ಅಪರೂಪ. ಆಟ ಸವೆದರೂ ಬರಹ ಉಳಿದಿದೆ. ಅದನ್ನು ಓದಿದರೆ ಎಲೆಗಳಿಗಿಂತ ಹೆಚ್ಚಾಗಿ, ಅಧಿಕಾರವಿಲ್ಲದ ಒಬ್ಬ ರಾಜನ ಮನಸ್ಸು ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿತ್ತು ಎಂಬುದು ಕಾಣುತ್ತದೆ.

ನನ್ನ ಪಿಡಿಎಫ್‌ಗೆ ಅಂಥ ಘನತೆಯೇನೂ ಬೇಡ. ಆದರೆ ಅದಕ್ಕೊಂದು ಮರುಹುಟ್ಟು ಬಂತು. 2021ರ ಜುಲೈ 2ರಂದು ಅದೇ ಆಟ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಮರಳಿತು. ದ್ವೀಪ ಅದೇ, ಸೇತುವೆ ಅದೇ. ಗುಂಡು ತಗುಲಿದರೆ ಚಿಮ್ಮುವ ಕೆಂಪು ಮಾತ್ರ ಹಸಿರಾಗಿತ್ತು. ‘ಕಿಲ್’ ಹೋಗಿ ‘ಫಿನಿಶ್’ ಬಂದಿತ್ತು. ಇಂಗ್ಲಿಷಿನಲ್ಲಿ ಬರೆದವರೆಲ್ಲ ಪದ ತಿದ್ದಬೇಕಾಯಿತು. ನಮ್ಮ ‘ಔಟ್’ ಹಾಗೇ ನಿಂತಿತು, ಒಂದಕ್ಷರವೂ ಬದಲಾಗಲಿಲ್ಲ. ಬೀದಿಯಲ್ಲಿ ಆಡಿದ ಪದ ಸರ್ಕಾರದ ಆಕ್ಷೇಪಕ್ಕೂ ಕಂಪನಿಯ ಎಚ್ಚರಿಕೆಗೂ ಮೊದಲೇ ಉತ್ತರ ಕೊಟ್ಟಿತ್ತು.

2022ರ ಜುಲೈ 28ಕ್ಕೆ ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಯಿತು. ಮರುವರ್ಷ ಮೇ ತಿಂಗಳಲ್ಲಿ ಮತ್ತೆ ಬಂತು. ಅಷ್ಟರಲ್ಲಿ ನಾನು ಬೇರೆ ಕಡೆ ಹೊರಟಿದ್ದೆ, ‘ಏಜ್ ಆಫ್ ಎಂಪೈರ್ಸ್ 2’ಕ್ಕೆ. 1999ರಲ್ಲಿ ಬಂದ ಕಂಪ್ಯೂಟರ್ ಆಟ. 2019ರಲ್ಲಿ ಹೊಸ ಆವೃತ್ತಿ ಪಡೆದು ಇನ್ನೂ ಜೀವಂತವಾಗಿದೆ. ಇಷ್ಟು ಕಾಲ ಬಾಳಿದ್ದು ಇನ್ನಷ್ಟು ಬಾಳೀತು ಎಂಬುದು ನನ್ನ ಲೆಕ್ಕ.

ಹೊಸ ಆಟಕ್ಕೆ ಬಂದಾಗ ಹಳೆಯ ಕೈಪಿಡಿಯ ಚೌಕಟ್ಟೇ ಹೊಂದಲಿಲ್ಲ. ಪಬ್‌ಜಿಯ ಕೈಪಿಡಿ ಭೂಗೋಳ: ಎಲ್ಲಿ ಇಳಿಯಬೇಕು, ಎಲ್ಲಿ ಅಡಗಬೇಕು. ಇಲ್ಲಿ ನಕ್ಷೆ ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ. ಆದ್ದರಿಂದ ‘ಎಲ್ಲಿ’ ಎಂಬುದಕ್ಕಿಂತ ‘ಯಾವಾಗ’ ಎಂಬುದು ಮುಖ್ಯ. ಮೂವರು ಆಳು, ಒಂದು ಊರಕೇಂದ್ರ, 200 ಆಹಾರ: ಇಷ್ಟರಲ್ಲಿ ಆಟ ಶುರು. ಒಬ್ಬ ಹೊಸ ಆಳಿಗೆ 50 ಆಹಾರ, 25 ಸೆಕೆಂಡು. ಎರಡನೆಯ ಯುಗಕ್ಕೆ ಏರಲು 500 ಆಹಾರ. ಮೊದಲ ಆರು ಜನ ಕುರಿಗೆ, ಮುಂದಿನವರು ಸೌದೆಗೆ, ಆಮೇಲೆ ಹಂದಿ ಬೇಟೆ. ಇದು ಯುದ್ಧಶಾಸ್ತ್ರವಲ್ಲ, ಬೇಸಾಯದ ಪಂಚಾಂಗ. ಯಾವ ಮಳೆಗೆ ಏನು ಬಿತ್ತಬೇಕೆಂದು ಭರಣಿ, ರೋಹಿಣಿ, ಆರಿದ್ರಾ ಹೆಸರಿನಲ್ಲಿ ಗಾದೆ ಕಟ್ಟಿಟ್ಟುಕೊಂಡ ರೈತರ ನಾಡಿನಲ್ಲಿ ಇದನ್ನು ಹೇಳಲು ಪರದಾಡಬೇಕಿರಲಿಲ್ಲ. ಊರಕೇಂದ್ರಕ್ಕೆ ‘ಚಾವಡಿ’ ಎಂದೆ. ಕೆಲಸವಿಲ್ಲದೆ ನಿಂತ ಆಳುಗಳ ಬಗೆಗಿನ ಅಧ್ಯಾಯಕ್ಕೆ ‘ಸೋಮಾರಿಕಟ್ಟೆ’ ಎಂದು ಹೆಸರಿಟ್ಟೆ. ಆ ಹೆಸರು ಓದಿ ನಕ್ಕ ಹುಡುಗರು ಮುಂದಿನ ಆಟದಲ್ಲಿ ಯಾರನ್ನೂ ಖಾಲಿ ನಿಲ್ಲಿಸಲಿಲ್ಲ.

ಆಟ ಬದಲಿಸಿದ್ದರ ಲಾಭ ತಿಳಿದದ್ದು ಇಲ್ಲಿಯೇ. ಪಬ್‌ಜಿಯಲ್ಲಿ ಎರಡು ವರ್ಷ ಕಳೆದ ಮೇಲೆ ನನಗೆ ಎಲ್ಲವೂ ಸಹಜವಾಗಿತ್ತು. ಸಹಜವಾದದ್ದನ್ನು ಯಾರೂ ಬರೆಯುವುದಿಲ್ಲ. ಹೊಸ ಆಟದಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ಕುರಿಯನ್ನು ಎಲ್ಲಿ ಕೊಯ್ಯಬೇಕು? ಸಿಕ್ಕಲ್ಲಿ ಅಲ್ಲ, ಚಾವಡಿಯ ಬುಡಕ್ಕೆ ತಂದು. ಇಲ್ಲದಿದ್ದರೆ ಆಳುಗಳ ಸಮಯವೆಲ್ಲ ನಡಿಗೆಯಲ್ಲೇ ಹೋಗುತ್ತದೆ. ಹಂದಿಯನ್ನು? ಒಬ್ಬ ಬಾಣ ಬಿಟ್ಟು ಅದು ಅಟ್ಟಿಸಿಕೊಂಡು ಬರುವಂತೆ ಮಾಡಿ ಚಾವಡಿಯವರೆಗೆ ಓಡಬೇಕು. ಉಳಿದವರು ಅಲ್ಲಿ ಕಾದಿರಬೇಕು. ಪಳಗಿದವರ ಬರಹಗಳಲ್ಲಿ ಇದಕ್ಕೆಲ್ಲ ಒಂದು ಸಾಲೂ ಇರುವುದಿಲ್ಲ. ಅವರು ನೇರ ಯುದ್ಧಕ್ಕೆ ಹೋಗುತ್ತಾರೆ. ಗೊತ್ತಿಲ್ಲದಿದ್ದ ನೆನಪು ಇನ್ನೂ ಹಸಿಯಾಗಿರುವಾಗ ಬರೆದ ಕೈಪಿಡಿಯೇ ಕಲಿಯುವವರಿಗೆ ಹತ್ತಿರದ್ದು. ಪಿಎಚ್‌ಡಿ ಬರೆಯುವಾಗಲೂ ನಾನು ಇದನ್ನೇ ಮಾಡುತ್ತೇನೆ: ಮೊದಲ ಓದಿನಲ್ಲಿ ಅರ್ಥವಾಗದ ಜಾಗಕ್ಕೆ ಗುರುತು ಹಾಕಿ, ಅರ್ಥವಾದ ಮೇಲೂ ಆ ಗುರುತನ್ನು ಅಳಿಸುವುದಿಲ್ಲ.

ಹಾಗೆಂದು ಹಳೆಯ ಆಟ ಸ್ಥಿರವೇನೂ ಅಲ್ಲ. 2022ರ ಏಪ್ರಿಲ್‌ನಲ್ಲಿ ಅದರ ಒಂದು ಹೊಸ ವಿಸ್ತರಣೆ ಬಂದು, ‘ಭಾರತೀಯರು’ ಎಂದು ಇದ್ದ ಒಂದೇ ನಾಗರಿಕತೆ ಹಿಂದೂಸ್ತಾನಿ, ಬಂಗಾಳಿ, ದ್ರಾವಿಡ, ಗುರ್ಜರ ಎಂದು ನಾಲ್ಕಾಯಿತು. ‘ಭಾರತೀಯರು’ ಎಂಬ ಹಳೆಯ ಬಣದ ಬಗ್ಗೆ ಜಗತ್ತಿನಲ್ಲಿ ಯಾರು ಏನು ಬರೆದಿದ್ದರೋ ಅದೆಲ್ಲ ಅಂದಿಗೆ ಹಳತಾಯಿತು. ದ್ರಾವಿಡರಿಗೆ ಒಂದು ವಿಶೇಷ ವಿದ್ಯೆ ಕೊಟ್ಟಿದ್ದರು, ‘ವೂಟ್ಸ್ ಸ್ಟೀಲ್’. ಅದು ಸಿಕ್ಕರೆ ಅವರ ಕಾಲಾಳು, ಕುದುರೆಗಳ ಪೆಟ್ಟಿಗೆ ಎದುರಾಳಿಯ ಕವಚ ಲೆಕ್ಕಕ್ಕಿಲ್ಲ. ವೂಟ್ಸ್ ಎಂಬುದು ನಮ್ಮ ‘ಉಕ್ಕು’ ಇಂಗ್ಲಿಷಿಗೆ ಹೋಗಿ ರೂಪ ಕೆಟ್ಟ ಪದ ಎಂದು ನಿಘಂಟುಗಳೇ ಹೇಳುತ್ತವೆ. ಕೈಪಿಡಿಯಲ್ಲಿ ಸುಮ್ಮನೆ ಉಕ್ಕು ಎಂದು ಬರೆದೆ. ಯಾರೂ ಅರ್ಥ ಕೇಳಲಿಲ್ಲ.

ಈಗ ಈ ಎರಡನೆಯ ಕೈಪಿಡಿಯೂ ಕೈಯಿಂದ ಕೈಗೆ ಹೋಗುತ್ತಿದೆ. ಸಂಖ್ಯೆಗಳು ಪ್ರತಿ ಅಪ್‌ಡೇಟಿಗೆ ಅಲ್ಲಲ್ಲಿ ಬದಲಾಗುತ್ತವೆ. ಎಲ್ಲವನ್ನೂ ಹಿಂಬಾಲಿಸಲು ನನಗೆ ಬಿಡುವಿಲ್ಲ. ಮೊನ್ನೆ ಒಬ್ಬ ಪಿಯುಸಿ ಹುಡುಗ ಕಳಿಸಿದ ಪ್ರತಿಯಲ್ಲಿ ನನ್ನ ಒಂದು ಸಾಲಿನ ಪಕ್ಕ, “ಅಕ್ಕ, ಇದು ಈಗ ಹಿಂಗಿಲ್ಲ” ಎಂದು ಬರೆದು ಕೆಳಗೆ ಹೊಸ ಲೆಕ್ಕ ಕೊಟ್ಟಿದ್ದ. ಆ ಲೆಕ್ಕದಲ್ಲಿ ಚಾವಡಿ ಇತ್ತು, ಆಳು ಇತ್ತು. ಜೊತೆಗೆ ನಾನು ಬರೆಯದ ಒಂದು ಪದವೂ ಇತ್ತು: ಶತ್ರು ಬರುವ ಮೊದಲೇ ಬೇಲಿ ಮುಚ್ಚುವುದಕ್ಕೆ ಅವನು ‘ಕಿಂಡಿ ಕಟ್ಟೋದು’ ಎಂದಿದ್ದ. ಒನಕೆ ಓಬವ್ವನ ಜಿಲ್ಲೆಯ ಹುಡುಗ. ಅವನ ಸಾಲನ್ನು ಹಾಗೆಯೇ ಸೇರಿಸಿಕೊಂಡಿದ್ದೇನೆ.